ಆಣೆಯ ಜಾಗಕ್ಕೆ ಸ್ಕ್ರೀನ್‌ಶಾಟ್

ಚುನಾವಣೆಯ ಹಿಂದಿನ ರಾತ್ರಿ ಮನೆಮನೆಗೆ ಬರುವವರ ಕೈಯಲ್ಲಿ ಎರಡು ವಸ್ತುಗಳಿರುತ್ತವೆ. ಒಂದು ಕವರು, ಇನ್ನೊಂದು ದೇವರ ಫೋಟೊ. ಮನೆಯಲ್ಲಿ ಎಷ್ಟು ಓಟು ಎಂದು ಪಟ್ಟಿ ನೋಡಿ ಎಣಿಸಿ, ಕವರು ಕೈಗಿಡುವ ಮೊದಲು ಫೋಟೊ ಮುಟ್ಟಿಸಿ ಆಣೆ ಮಾಡಿಸಿಕೊಳ್ಳುತ್ತಾರೆ. ಕೆಲವು ಕಡೆ ಫೋಟೊ ಬದಲು ಅರಿಶಿನದ ಅಕ್ಕಿ. ದುಡ್ಡು ಕೊಡುವುದೂ ತಪ್ಪು, ತೆಗೆದುಕೊಳ್ಳುವುದೂ ತಪ್ಪು. ಆ ಉಪದೇಶವನ್ನು ಬೇರೆಯವರು ಮಾಡಲಿ. ನನ್ನ ಕುತೂಹಲವೆಲ್ಲ ಆ ಫೋಟೊದ ಮೇಲೆ. ಬೂತುವಾರು ಲೆಕ್ಕ ಬರೆದಿಟ್ಟುಕೊಂಡು, ಯಾರ ಮನೆಯ ಸೊಸೆ ಬಾಣಂತನಕ್ಕೆ ತವರಿಗೆ ಹೋಗಿದ್ದಾಳೆ ಎಂಬುದನ್ನೂ ಬಿಡದೆ ತಿಳಿದುಕೊಂಡಿರುವ ಇಷ್ಟು ಚುರುಕಿನ ವ್ಯವಹಾರಸ್ಥರು ಕೊನೆಗೆ ದೇವರ ಮೊರೆ ಯಾಕೆ ಹೋಗಬೇಕು?

ಬೇರೆ ದಾರಿಯಿಲ್ಲ, ಅದಕ್ಕೆ. ಕಾಸು ಕೊಟ್ಟ ಮಾಲು ಬಂತೋ ಇಲ್ಲವೋ ಎಂದು ನೋಡಲು ಅವರ ಬಳಿ ಯಾವ ಸಾಧನವೂ ಇಲ್ಲ. ರಟ್ಟಿನ ಮರೆಯ ಹಿಂದೆ ಹೋದ ಕೈ ಯಾವ ಗುಂಡಿ ಒತ್ತಿತು ಎಂಬುದು ಆ ಕೈಯವರಿಗೆ ಮಾತ್ರ ಗೊತ್ತು. ಅವರೇ ಹೊರಗೆ ಬಂದು ಹೇಳಿದರೂ ಅದು ನಿಜವೆಂದು ತೋರಿಸುವ ಚೀಟಿ ಅವರ ಬಳಿಯೂ ಇರುವುದಿಲ್ಲ. ಹಾಗಾಗಿಯೇ ನಮ್ಮ ಕಡೆಯ ಹೆಂಗಸರು ಮೂರೂ ಪಾರ್ಟಿಯವರಿಂದ ಸೀರೆ ತೆಗೆದುಕೊಂಡು, ಮೂರೂ ಕಡೆಗೆ ತಲೆಯಾಡಿಸಿ, ಒಳಗೆ ಹೋಗಿ ತಮಗೆ ಸರಿಕಂಡವರಿಗೆ ಹಾಕಿ ಬರುತ್ತಾರೆ. ಆಣೆಯ ಗತಿ? "ತಪ್ಪುಕಾಣಿಕೆ ಹಾಕಿದ್ರಾಯ್ತು ಬಿಡಿ" ಎಂದು ನನಗೇ ಒಬ್ಬಾಕೆ ಹೇಳಿದ್ದಾರೆ.

ಈಗ ಆ ಫೋಟೊದ ಕೆಲಸವನ್ನು ಮೊಬೈಲಿಗೆ ವಹಿಸಿಕೊಡುವ ಉತ್ಸಾಹ ಎಲ್ಲೆಲ್ಲೂ ಕಾಣುತ್ತಿದೆ. ಉತ್ಸಾಹಿಗಳು ಅದನ್ನು ಹಾಗೆ ಕರೆಯುವುದಿಲ್ಲ, ಆನ್‌ಲೈನ್ ಮತದಾನ ಎನ್ನುತ್ತಾರೆ. ಡಲ್ಲಾಸ್‌ನಲ್ಲಿರುವ ನನ್ನ ಅಕ್ಕನ ಮಗ ಪ್ರತಿ ಚುನಾವಣೆಗೂ ಫೋನು ಮಾಡಿ ಇದನ್ನೇ ಹೇಳುತ್ತಾನೆ. "ಮಾವ, ಮೈಸೂರಲ್ಲಿ ಸೈಟ್ ತಗೊಂಡೆ, ಅಷ್ಟೂ ದುಡ್ಡು ಇಲ್ಲಿಂದ ಫೋನಲ್ಲೇ ಕಳ್ಸಿದೆ. ಒಂದು ಓಟು ಕಳ್ಸೋಕಾಗಲ್ಲ ಅಂದ್ರೆ ಯಾವ ಕಾಲದಲ್ಲಿದೀವಿ ನಾವು?" ಇದು ಅವನೊಬ್ಬನ ಮಾತಲ್ಲ. ಮದುವೆ ಮನೆಯಲ್ಲಿ, ಟಿವಿ ಚರ್ಚೆಯಲ್ಲಿ, ಮತಪ್ರಮಾಣ ಕುಸಿಯಿತೆಂಬ ಸಂಪಾದಕೀಯದಲ್ಲಿ, ಓದಿದವರು ಸೇರುವ ಎಲ್ಲ ಕಡೆ ಇದೇ ಮಾತು. ಭದ್ರತೆಯ ಪ್ರಶ್ನೆ ಎತ್ತಿದರೆ "ಬ್ಲಾಕ್‌ಚೈನ್ ಇದೆಯಲ್ಲ" ಎಂಬ ಉತ್ತರ ಸಿದ್ಧವಾಗಿರುತ್ತದೆ. ಈ ಮಾತು ಬುಡದಿಂದಲೇ ತಪ್ಪು ಎಂಬುದು ನನ್ನ ವಾದ. ತಂತ್ರಜ್ಞಾನ ಇನ್ನೂ ಬಲಿತಿಲ್ಲ, ಹತ್ತು ವರ್ಷ ಕಾಯೋಣ ಎನ್ನುವವರ ಜೊತೆಗೂ ನನಗೆ ಒಪ್ಪಿಗೆಯಿಲ್ಲ. ಎಷ್ಟು ಬಲಿತರೂ ಅದು ಈ ಕೆಲಸಕ್ಕೆ ಬಾರದು.

ಮೊದಲು ಸೈಟಿನ ದುಡ್ಡು. ಅದು ಹೋದ ಕ್ಷಣ ಅವನಿಗೆ ಮೆಸೇಜು ಬಂತು, ಮಾರಿದವರಿಗೂ ಬಂತು, ಎರಡೂ ಬ್ಯಾಂಕುಗಳ ಲೆಕ್ಕದಲ್ಲಿ ದಾಖಲಾಯಿತು. ಯಾರು, ಯಾರಿಗೆ, ಎಷ್ಟು, ಯಾವ ಹೊತ್ತಿನಲ್ಲಿ ಎಂಬುದೆಲ್ಲ ಒಂದಕ್ಕೊಂದು ಅಂಟಿಕೊಂಡಿರುವುದರಿಂದಲೇ ಆ ವ್ಯವಹಾರಕ್ಕೆ ಭದ್ರತೆ. ಹೆಚ್ಚುಕಡಿಮೆಯಾದರೆ ಸ್ಟೇಟ್‌ಮೆಂಟ್ ತೆಗೆಸಿ ಜಗಳವಾಡಬಹುದು, ದುಡ್ಡು ವಾಪಸ್ಸೂ ಬರಬಹುದು. ಮತದಲ್ಲಿ ಇದಿಷ್ಟೂ ತಲೆಕೆಳಗು. ಯಾರು ಹಾಕಿದರು ಎಂಬುದು ಊರಿಗೆಲ್ಲ ಗೊತ್ತಾಗಬೇಕು, ಯಾರಿಗೆ ಹಾಕಿದರು ಎಂಬುದು ಒಬ್ಬರಿಗೂ ಗೊತ್ತಾಗಬಾರದು, ಹಾಕಿದವರಿಗೂ ಅದನ್ನು ರುಜುವಾತು ಮಾಡಲು ಆಗಬಾರದು. ತಪ್ಪಿ ಬೇರೆಯವರ ಲೆಕ್ಕಕ್ಕೆ ಹೋದ ಓಟನ್ನು ಆಮೇಲೆ ಹುಡುಕಿ ತಂದು ಸರಿಪಡಿಸುವುದೂ ಸಾಧ್ಯವಿಲ್ಲ. ಹುಡುಕಬಹುದಾದರೆ ಅದು ಗುಪ್ತ ಮತವೇ ಅಲ್ಲ.

ಮತಕ್ಕೂ ಒಂದು ಪಾಸ್‌ಬುಕ್ ಇದ್ದರೆ ಏನಾಗುತ್ತದೆ ಎಂಬುದನ್ನು ಇಂಗ್ಲೆಂಡಿನವರು ಕಂಡಿದ್ದಾರೆ. ಅಲ್ಲಿ 1872ರವರೆಗೆ ಮತದಾರ ಎಲ್ಲರೆದುರು ನಿಂತು ಬಾಯಿಬಿಟ್ಟು ತನ್ನ ಆಯ್ಕೆ ಹೇಳಬೇಕಿತ್ತು. ಯಾರ ಮತ ಯಾರಿಗೆ ಎಂದು ಪುಸ್ತಕವನ್ನೇ ಅಚ್ಚು ಹಾಕಿಸುತ್ತಿದ್ದರು. ಜಮೀನುದಾರನಿಗೆ ಆ ಪುಸ್ತಕ ಒಕ್ಕಲೆಬ್ಬಿಸುವ ಪಟ್ಟಿಯಾಗುತ್ತಿತ್ತು. ಆಸ್ಟ್ರೇಲಿಯಾದ ವಿಕ್ಟೋರಿಯಾ ಮತ್ತು ದಕ್ಷಿಣ ಆಸ್ಟ್ರೇಲಿಯಾ 1856ರಲ್ಲೇ ಸರ್ಕಾರಿ ಮತಪತ್ರ, ಮರೆ, ಪೆಟ್ಟಿಗೆ ಎಂಬ ಏರ್ಪಾಡು ಮಾಡಿಕೊಂಡಿದ್ದವು. ಇಂಗ್ಲೆಂಡ್ ಅದನ್ನು ಎರವಲು ಪಡೆಯಿತು. ಆಗಲೂ ವಿರೋಧ ಕಡಿಮೆಯಿರಲಿಲ್ಲ. ಧೈರ್ಯವಿದ್ದವನು ಬಹಿರಂಗವಾಗಿ ಮತ ಹಾಕಲಿ, ಮರೆಯಲ್ಲಿ ಹಾಕುವುದು ಹೇಡಿತನ ಎಂದು ವಾದಿಸಿದ ದೊಡ್ಡವರಿದ್ದರು. ಜೀತದಾಳಿಗೆ ಧೈರ್ಯ ಬೋಧಿಸುವುದು ಯಾವತ್ತೂ ಜಮೀನುದಾರನ ಹವ್ಯಾಸ.

ನಾನು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ವರ್ಷಗಳಲ್ಲಿ ಹಲವು ಸಲ ಚುನಾವಣಾ ಕೆಲಸಕ್ಕೆ ಹೋಗಿದ್ದೇನೆ, ಹೆಚ್ಚಾಗಿ ಎರಡನೇ ಪೋಲಿಂಗ್ ಆಫೀಸರಾಗಿ, ಅಂದರೆ ಶಾಯಿ ಹಚ್ಚುವವನಾಗಿ. ಆ ಕೋಣೆಯ ವಿನ್ಯಾಸವನ್ನು ಒಮ್ಮೆ ಗಮನಿಸಿ ನೋಡಿ. ಮೊದಲನೇ ಟೇಬಲ್ಲಿನವರು ನಿಮ್ಮ ಹೆಸರು, ಕ್ರಮಸಂಖ್ಯೆಯನ್ನು ಗಟ್ಟಿಯಾಗಿ ಓದುತ್ತಾರೆ. ಎದುರು ಕೂತ ಎಲ್ಲ ಪಕ್ಷಗಳ ಏಜೆಂಟರಿಗೂ ಕೇಳಿಸಲೇಬೇಕು. ಎರಡನೇ ಟೇಬಲ್ಲಿನಲ್ಲಿ ರಿಜಿಸ್ಟರಿಗೆ ಸಹಿ ಅಥವಾ ಹೆಬ್ಬೆಟ್ಟು, ಎಡಗೈ ತೋರುಬೆರಳಿಗೆ ಶಾಯಿ. ಮೂರನೆಯವರು ಕಂಟ್ರೋಲ್ ಯೂನಿಟ್ಟಿನ ಗುಂಡಿ ಒತ್ತುತ್ತಾರೆ. ಅಲ್ಲಿಂದ ಏಳೆಂಟು ಹೆಜ್ಜೆ, ಒಂದು ರಟ್ಟಿನ ಮರೆ. ಆ ಏಳೆಂಟು ಹೆಜ್ಜೆಯಲ್ಲಿ ನಿಮ್ಮ ಹೆಸರು ಹಿಂದೆ ಉಳಿಯುತ್ತದೆ. ಮರೆಯ ಹಿಂದೆ ನಿಂತವರಿಗೆ ಹೆಸರಿಲ್ಲ, ಜಾತಿಯಿಲ್ಲ, ಸಾಲವಿಲ್ಲ. ಹೊರಬಂದ ಮೇಲೆ ಬೆರಳಿನ ಮೇಲಿನ ಶಾಯಿ ಹೇಳುವುದೂ ಅಷ್ಟೇ: ಇವರು ಬಂದು ಹಾಕಿದರು. 1962ರಿಂದ ಮೈಸೂರಿನ ಪೇಂಟ್ಸ್ ಕಾರ್ಖಾನೆ ಸರಬರಾಜು ಮಾಡುತ್ತಿರುವ ಆ ಶಾಯಿಗೆ ಅದರಾಚೆ ಒಂದಕ್ಷರವೂ ಗೊತ್ತಿಲ್ಲ.

ಈ ಏರ್ಪಾಡು ಸರಿಯಿದೆಯೇ ಎಂದು ಪರೀಕ್ಷಿಸಲು ಎಂಜಿನಿಯರ್ ಬೇಕಾಗಿಲ್ಲ. ಏಳನೇ ಕ್ಲಾಸು ಓದಿದ ಏಜೆಂಟ್ ಸಾಕು. ಮರೆಯ ಹಿಂದೆ ಕಿಟಕಿ ಇದ್ದರೆ ಅವನೇ ಎದ್ದು ತಕರಾರು ತೆಗೆಯುತ್ತಾನೆ, ಟೇಬಲ್ ಸರಿಸಬೇಕಾಗುತ್ತದೆ. ಫೋನಿನಲ್ಲಿ ನಡೆಯುವುದು ಇದೇ ಕೆಲಸ, ಆದರೆ ಆ ಏಳೆಂಟು ಹೆಜ್ಜೆ ಅಲ್ಲಿಲ್ಲ. ನಿಮ್ಮ ಮುಖ ನೋಡಿ, ಮೊಬೈಲ್ ನಂಬರು ನೋಡಿ, ನೀವು ನೀವೇ ಎಂದು ಖಚಿತ ಮಾಡಿಕೊಂಡ ಅದೇ ಯಂತ್ರ ಮರುಕ್ಷಣ ನಿಮ್ಮ ಆಯ್ಕೆಯನ್ನೂ ಪಡೆಯುತ್ತದೆ. "ನೀವು ಯಾರೆಂಬುದನ್ನು ಮರೆತುಬಿಟ್ಟೆ" ಎಂದು ಅದು ಹೇಳಿದರೆ ನಂಬಬೇಕು. ಮರೆತಿದೆಯೋ ಇಲ್ಲವೋ ನೋಡಲು ನಮ್ಮ ಏಜೆಂಟು ಎಲ್ಲಿ ಕೂರಬೇಕು?

ವಿವಿಪ್ಯಾಟ್ ಚೀಟಿಯ ವಿಷಯ ನೋಡಿ. ಗುಂಡಿ ಒತ್ತಿದ ಮೇಲೆ ಗಾಜಿನ ಹಿಂದೆ 7 ಸೆಕೆಂಡು ಚೀಟಿ ಕಾಣುತ್ತದೆ, ಆಮೇಲೆ ಕತ್ತರಿಸಿ ಪೆಟ್ಟಿಗೆಗೆ ಬೀಳುತ್ತದೆ. ಅದನ್ನು ಮತದಾರರ ಕೈಗೇ ಕೊಡಿ, ಅವರೇ ಪೆಟ್ಟಿಗೆಗೆ ಹಾಕಲಿ ಎಂಬ ಬೇಡಿಕೆ ಸುಪ್ರೀಂ ಕೋರ್ಟಿಗೆ ಹೋಗಿತ್ತು. 2024ರ ಏಪ್ರಿಲ್ 26ರಂದು ನ್ಯಾಯಮೂರ್ತಿಗಳಾದ ಸಂಜೀವ್ ಖನ್ನಾ, ದೀಪಂಕರ್ ದತ್ತಾ ಅವರ ಪೀಠ ಅದನ್ನು ತಳ್ಳಿಹಾಕಿತು. ಚೀಟಿ ಕೈಗೆ ಸಿಕ್ಕರೆ ದುರ್ಬಳಕೆಯಾಗುತ್ತದೆ ಎಂದಿತು. ಆ ದಿನ ನಮ್ಮ ರಾಜ್ಯದ 14 ಕ್ಷೇತ್ರಗಳಲ್ಲಿ ಮತದಾನ ನಡೆಯುತ್ತಿತ್ತು. ಚೀಟಿ ಕೆಲವು ಕ್ಷಣ ಕೈಯಲ್ಲಿರುವುದೇ ಅಪಾಯ ಎಂದು ಒಪ್ಪುವ ದೇಶದಲ್ಲಿ, ಇಡೀ ಮತದಾನವನ್ನೇ ಸ್ಕ್ರೀನ್‌ಶಾಟ್ ತೆಗೆಯಬಲ್ಲ ಯಂತ್ರದೊಳಗೆ ಇಡುವುದು ಹೇಗೆ ಸರಿ? ಆ್ಯಪ್‌ನಲ್ಲಿ ಸ್ಕ್ರೀನ್‌ಶಾಟ್ ಬಂದ್ ಮಾಡಿದ್ದೇವೆ ಎನ್ನುತ್ತಾರೆ. ಪಕ್ಕದಲ್ಲಿ ಕೂತವನ ಇನ್ನೊಂದು ಫೋನಿನ ಕ್ಯಾಮೆರಾ ಬಂದ್ ಮಾಡುವ ಆ್ಯಪ್ ಯಾವುದು?

ಓಟು ಕೊಳ್ಳುವವನು ಎಷ್ಟು ಸಣ್ಣ ಕಿಂಡಿಯಿಂದ ನುಸುಳಬಲ್ಲ ಎಂಬುದಕ್ಕೆ ಜಗತ್ತಿನಲ್ಲಿ ಕಥೆಗಳು ಬೇಕಾದಷ್ಟಿವೆ. ಟ್ಯಾಸ್ಮೇನಿಯಾದ ಹೆಸರಿನಿಂದಲೇ ಕರೆಯುವ ಒಂದು ಹಳೇ ಉಪಾಯವಿದೆ. ಮೊದಲ ಮತದಾರ ಖಾಲಿ ಮತಪತ್ರವನ್ನು ಪೆಟ್ಟಿಗೆಗೆ ಹಾಕದೆ ಬಚ್ಚಿಟ್ಟು ಹೊರಗೆ ತರುತ್ತಾನೆ. ದಲ್ಲಾಳಿ ಅದಕ್ಕೆ ಗುರುತು ಹಾಕಿ ಎರಡನೆಯವನ ಕೈಗೆ ಕೊಡುತ್ತಾನೆ. ಅವನು ಅದನ್ನು ಪೆಟ್ಟಿಗೆಗೆ ಹಾಕಿ, ತನಗೆ ಒಳಗೆ ಕೊಟ್ಟ ಖಾಲಿ ಪತ್ರ ತಂದುಕೊಟ್ಟರೆ ದುಡ್ಡು. ಹೀಗೆ ಸಂಜೆಯವರೆಗೆ ಸರಪಳಿ. ಇಟಲಿಯಲ್ಲಿ ಒಂದೇ ಪಟ್ಟಿಯಿಂದ ಹಲವು ಹೆಸರುಗಳನ್ನು ಬರೆಯುವ ಅವಕಾಶವಿದ್ದಾಗ, ಯಾರು ಯಾವ ಅನುಕ್ರಮದಲ್ಲಿ ಹೆಸರು ಬರೆಯಬೇಕು ಎಂದು ಮಾಫಿಯಾ ಮೊದಲೇ ಹೇಳಿಕೊಡುತ್ತಿತ್ತು. ಎಣಿಕೆಯ ಹೊತ್ತಿಗೆ ಆ ಅನುಕ್ರಮವೇ ಸಹಿಯಾಗುತ್ತಿತ್ತು. ಕ್ಯಾಮೆರಾ ಫೋನು ಬಂದ ಮೇಲೆ ಆ ಕಷ್ಟವೂ ತಪ್ಪಿತು. 2008ರಲ್ಲಿ ಆ ದೇಶ ಮತದಾನದ ಮರೆಯೊಳಗೆ ಫೋನು ಒಯ್ಯುವುದನ್ನೇ ಅಪರಾಧ ಮಾಡಿತು. ಮರೆಯೊಳಗೆ ಫೋನು ಬರದಂತೆ ಒಂದು ದೇಶ ಕಾನೂನು ಮಾಡುತ್ತದೆ, ಫೋನೇ ಮರೆಯಾಗಲಿ ಎಂದು ನಾವು ಹಂಬಲಿಸುತ್ತೇವೆ.

ಹಂಬಲ ಬರೀ ಮಾತಿನಲ್ಲಿ ಉಳಿದಿಲ್ಲ. ತೆಲಂಗಾಣದ ಖಮ್ಮಂನಲ್ಲಿ 2021ರಲ್ಲಿ ಫೋನ್ ಮತದಾನದ ತಾಲೀಮು ನಡೆಯಿತು. 2025ರ ಜೂನ್ 28ರಂದು ಬಿಹಾರ ತನ್ನ ನಗರ ಸ್ಥಳೀಯ ಸಂಸ್ಥೆಗಳ ಚುನಾವಣೆಯಲ್ಲಿ ವೃದ್ಧರು, ಅಂಗವಿಕಲರು, ಗರ್ಭಿಣಿಯರು, ವಲಸಿಗರಿಗೆಂದು ನಿಜವಾದ ಮತವನ್ನೇ ಆ್ಯಪ್‌ನಲ್ಲಿ ಹಾಕಿಸಿತು. ಪತ್ರಿಕೆಗಳು ಚರಿತ್ರೆ ಎಂದು ಹೊಗಳಿದವು. ಆ ವ್ಯವಸ್ಥೆಯ ಒಂದು ನಿಯಮ ನನ್ನ ಕಣ್ಣಿಗೆ ಸಿಕ್ಕಿ ಬಿಡಲೇ ಇಲ್ಲ: ಒಂದು ಮೊಬೈಲ್ ನಂಬರಿನಿಂದ ಇಬ್ಬರು ಮತದಾರರವರೆಗೆ ಮತ ಹಾಕಬಹುದು. ಬಡವರ ಮನೆಯಲ್ಲಿ ಫೋನು ಒಂದೇ ಇರುತ್ತದೆ ಎಂಬ ಕಾಳಜಿಯಿಂದ ಮಾಡಿದ ನಿಯಮವಿರಬೇಕು. ಇಬ್ಬರಿಗೆ ಒಂದು ಫೋನು ಎಂದಾಗ ಆ ಫೋನು ಯಾರ ಜೇಬಿನಲ್ಲಿರುತ್ತದೆ?

ನಮ್ಮದೇ ಹಳೆಯ ನಿಯಮದ ಪಕ್ಕದಲ್ಲಿ ಇದನ್ನು ಇಟ್ಟು ನೋಡಬೇಕು. ಕಣ್ಣು ಕಾಣದವರು, ಗುಂಡಿ ಒತ್ತಲಾಗದಷ್ಟು ಅಶಕ್ತರು ಮತಗಟ್ಟೆಗೆ ಜೊತೆಗಾರರನ್ನು ಕರೆದುಕೊಂಡು ಹೋಗಬಹುದು. 1961ರ ಚುನಾವಣಾ ನಿಯಮಗಳ 49ಎನ್ ಅದಕ್ಕೆ ಅವಕಾಶ ಕೊಡುತ್ತದೆ, ಆದರೆ ಎಷ್ಟು ಜಿಪುಣತನದಿಂದ ಕೊಡುತ್ತದೆ ನೋಡಿ. ಜೊತೆಗಾರನಿಗೆ 18 ತುಂಬಿರಬೇಕು. ಮತದ ಗುಟ್ಟು ಬಿಡುವುದಿಲ್ಲ ಎಂದು ಅವನು ಬರೆದುಕೊಡಬೇಕು. ಆ ದಿನ ಅವನು ಒಬ್ಬರಿಗೆ ಮಾತ್ರ ಜೊತೆಗಾರ, ಇನ್ನೊಬ್ಬರಿಗೆ ಆಗುವಂತಿಲ್ಲ. ಹೆಸರುಗಳನ್ನೆಲ್ಲ ಪ್ರತ್ಯೇಕ ನಮೂನೆಯಲ್ಲಿ ಬರೆಯಬೇಕು. ಒಮ್ಮೆ ತಾಲ್ಲೂಕಿನ ಅಂಚಿನ ಹಳ್ಳಿಯೊಂದರಲ್ಲಿ ಒಬ್ಬ ಯುವಕ ಬೆಳಿಗ್ಗೆ ತನ್ನ ಅಜ್ಜಿಯನ್ನು ಕರೆತಂದ. ಮಧ್ಯಾಹ್ನ ಪಕ್ಕದ ಮನೆಯ ಮುದುಕಪ್ಪನ ಕೈಹಿಡಿದು ಬಂದ. ಎರಡನೇ ಸಲವೇ ನಮ್ಮ ಪ್ರಿಸೈಡಿಂಗ್ ಆಫೀಸರ್ ನಿಲ್ಲಿಸಿದರು. "ಸೇವೆ ಮಾಡ್ತಿದೀನಿ ಸಾರ್" ಎಂದ. "ಒಂದಿನಕ್ಕೆ ಒಂದೇ ಸೇವೆ ಕಣಪ್ಪ" ಎಂದರು ಅವರು. ಆ ಮುದುಕಪ್ಪ ಊರುಗೋಲು ಊರಿಕೊಂಡು ಒಬ್ಬನೇ ಮರೆಯ ಹಿಂದೆ ಹೋದ, ಚೆನ್ನಾಗಿಯೇ ಕಣ್ಣು ಕಾಣುತ್ತಿತ್ತು, ಹಾಕಿ ಬಂದ. ಆ್ಯಪ್ ಬಂದರೆ ಆ ಯುವಕ ಸಂಜೆಯೊಳಗೆ ಬೀದಿಯ ಮುದುಕರನ್ನೆಲ್ಲ ಮುಗಿಸುತ್ತಾನೆ, ಯಾರ ಮನೆಯ ಜಗುಲಿಯಿಂದಲೂ ಏಳಬೇಕಾಗಿಲ್ಲ. ಮುಖ ತೋರಿಸಲು ಮುದುಕಪ್ಪ ಇರುತ್ತಾನೆ. ಬೆರಳು ಆಡಿಸಲು ಯುವಕ.

ಇನ್ನೊಂದು ಜಾಗ ನೆನಪಿಗೆ ಬರುತ್ತದೆ. ಬೆಂಗಳೂರಿನ ಹೊರವಲಯದಲ್ಲಿ ಅಪಾರ್ಟ್‌ಮೆಂಟ್ ಏಳುತ್ತಿರುವ ಕಡೆ ತಗಡಿನ ಶೆಡ್ಡುಗಳ ಸಾಲು. ಅಲ್ಲಿರುವವರು ಯಾದಗಿರಿ, ರಾಯಚೂರು, ಕಲಬುರಗಿ ಕಡೆಯ ಗಾರೆ ಕೆಲಸದವರು. ವಲಸಿಗರಿಗೆ ಅನುಕೂಲ ಎಂದು ಆನ್‌ಲೈನ್ ಮತದ ಪರ ವಾದಿಸುವವರು ಇವರನ್ನೇ ಮುಂದಿಡುತ್ತಾರೆ. ಆ ಶೆಡ್ಡಿನ ಆಧಾರ್ ಕಾರ್ಡುಗಳು, ಬ್ಯಾಂಕಿನ ಕಾರ್ಡುಗಳು, ಅನೇಕ ಸಲ ಸಿಮ್ಮುಗಳು ಕೂಡ ಯಾರ ಹತ್ತಿರ ಇರುತ್ತವೆ ಎಂದು ಯಾರನ್ನಾದರೂ ಕೇಳಿ. ಮೇಸ್ತ್ರಿ ಹತ್ತಿರ. ಮುಂಗಡ ಕೊಟ್ಟವನು ಅವನು, ಆಸ್ಪತ್ರೆಗೆ ಸೇರಿಸುವವನೂ ಅವನೇ. ಇವತ್ತು ಈ ಮೇಸ್ತ್ರಿಯನ್ನು ಹಿಡಿದು ಯಾವ ಅಭ್ಯರ್ಥಿಗಾದರೂ ಸಿಗುವುದು ಬಸ್ಸಿಗೆ ಜನ ಹತ್ತಿಸಿ ಊರಿಗೆ ಕಳಿಸುವ ಭರವಸೆ ಅಷ್ಟೇ. ಊರಿನ ಶಾಲೆಯ ಕೋಣೆಯೊಳಗೆ ಮೇಸ್ತ್ರಿಯ ಕಣ್ಣು ಹೋಗುವುದಿಲ್ಲ. ಆನ್‌ಲೈನ್ ಬಂದ ದಿನ ಅವನು ಜನ ಕಳಿಸುವುದಿಲ್ಲ, ಓಟು ಕಳಿಸುತ್ತಾನೆ, ಎಣಿಸಿ.

ಎಸ್ಟೋನಿಯಾದ ಹೆಸರು ಇಷ್ಟು ಹೊತ್ತಿಗೆ ಬರಬೇಕಿತ್ತು; ನನ್ನ ಅಕ್ಕನ ಮಗ ಮೊದಲ ನಿಮಿಷದಲ್ಲೇ ತರುತ್ತಾನೆ. 13 ಲಕ್ಷ ಜನರ ದೇಶ. 2005ರಿಂದ ಆನ್‌ಲೈನ್ ಮತ. 2023ರ ಸಂಸತ್ ಚುನಾವಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮತಗಳು ಆನ್‌ಲೈನಿನಲ್ಲೇ ಬಿದ್ದವು. ಒತ್ತಾಯದ ಸಮಸ್ಯೆ ಅಲ್ಲಿಯವರಿಗೂ ಗೊತ್ತು, ಅದಕ್ಕೊಂದು ಜಾಣ ಉಪಾಯ ಮಾಡಿದ್ದಾರೆ: ಎಷ್ಟು ಸಲ ಬೇಕಾದರೂ ಮತ ಹಾಕಿ, ಕೊನೆಯದು ಮಾತ್ರ ಲೆಕ್ಕಕ್ಕೆ, ಮತಗಟ್ಟೆಗೆ ಹೋಗಿ ಕಾಗದದಲ್ಲಿ ಹಾಕಿದರೆ ಆನ್‌ಲೈನಿನದು ರದ್ದು. ಯಾರಾದರೂ ಪಕ್ಕದಲ್ಲಿ ನಿಂತು ಹಾಕಿಸಿದರೆ, ಅವರು ಹೋದ ಮೇಲೆ ಬದಲಿಸಿಕೊಳ್ಳಿ ಎಂದರ್ಥ. ಉಪಾಯ ಚೆನ್ನಾಗಿದೆ, ಪಕ್ಕದಲ್ಲಿ ನಿಂತವನು ಎದ್ದು ಹೋಗುವವನಾಗಿದ್ದರೆ. ಅತ್ತೆ, ಗಂಡ, ಮೇಸ್ತ್ರಿ ಎದ್ದು ಎಲ್ಲಿಗೆ ಹೋಗುತ್ತಾರೆ? ಕೊನೆಯ ಹತ್ತು ನಿಮಿಷದಲ್ಲಿ ಹಾಕಿಸಿ ಫೋನು ಕಸಿದುಕೊಂಡು, ಮತಗಟ್ಟೆಗೂ ಹೋಗಗೊಡದಿದ್ದರೆ ಉಪಾಯ ಮುಗಿಯಿತು. ಚಿಪ್ ಇರುವ ಗುರುತಿನ ಚೀಟಿ ತನ್ನದೇ ಪರ್ಸಿನಲ್ಲಿರುವ ಸಮಾಜಕ್ಕೆ ಹೊಂದುವ ಅಂಗಿ ಅದು.

ನಾರ್ವೆಯದು ಶ್ರೀಮಂತ ಸಮಾಜ, ಸರ್ಕಾರದ ಮೇಲೆ ಜನರಿಗೆ ನಂಬಿಕೆಯಿರುವ ಸಮಾಜ. ಅಲ್ಲಿ 2011ರಲ್ಲೂ 2013ರಲ್ಲೂ ಕೆಲವು ಊರುಗಳಲ್ಲಿ ಪ್ರಯೋಗ ಮಾಡಿದರು. 2014ರಲ್ಲಿ ನಿಲ್ಲಿಸಿದರು. ತಮ್ಮ ಮತ ಹೊರಬೀಳಬಹುದೆಂಬ ಅಂಜಿಕೆ ಜನರ ಮನಸ್ಸಿನಲ್ಲಿ ಹುಟ್ಟುವುದೇ ಪ್ರಜಾಪ್ರಭುತ್ವಕ್ಕೆ ಕೇಡು ಎಂಬುದು ಅವರು ಕೊಟ್ಟ ಕಾರಣಗಳಲ್ಲಿ ಒಂದು. ಗುಟ್ಟು ಬಯಲಾದರೆ ಮಾತ್ರ ಕೇಡಲ್ಲ, ಬಯಲಾಗಬಹುದೆಂಬ ಗುಮಾನಿ ಸಾಕು. "ನಿನ್ನ ಓಟು ಕಂಪ್ಯೂಟರಿನಲ್ಲಿ ಕಾಣುತ್ತೆ ಕಣೋ" ಎಂದು ಗೌಡರು ಸುಮ್ಮನೆ ಹೇಳಿದರೂ ಕೂಲಿಯವನು ನಡುಗುತ್ತಾನೆ. ಮತಯಂತ್ರ ಬಂದ ಹೊಸದರಲ್ಲಿ ಈ ಬೆದರಿಕೆ ಕೇಳಿದ್ದೇವೆ, ಯಂತ್ರ ತೋರಿಸಿ ತಿಳಿಹೇಳಿದ್ದೇವೆ. ಆ್ಯಪ್‌ನ ವಿಷಯದಲ್ಲಿ ಗೌಡರ ಮಾತು ಸುಳ್ಳೆಂದು ಯಾವುದನ್ನು ತೋರಿಸಿ ಹೇಳುವುದು?

ಬ್ಲಾಕ್‌ಚೈನ್ ತೋರಿಸಿ ಎನ್ನುತ್ತಾರೆ. ಮಾಸ್ಕೊ ನಗರ 2019ರಲ್ಲಿ ತನ್ನ ನಗರಸಭೆಯ ಚುನಾವಣೆಗೆ ಬ್ಲಾಕ್‌ಚೈನ್ ಮತದಾನ ಮಾಡಹೊರಟಿತು. ಮತಗಳನ್ನು ಮುಚ್ಚಿಡುವ ಗೂಢಲಿಪಿಯನ್ನು ಪರೀಕ್ಷೆಗೆ ಬಿಟ್ಟಾಗ ಪಿಯರಿಕ್ ಗೋದ್ರಿ ಎಂಬ ಫ್ರೆಂಚ್ ಸಂಶೋಧಕ ಸಾಮಾನ್ಯ ಕಂಪ್ಯೂಟರಿನಲ್ಲಿ, ಯಾರಿಗೂ ಪುಕ್ಕಟೆ ಸಿಗುವ ಸಾಫ್ಟ್‌ವೇರಿನಿಂದ, ಸುಮಾರು 20 ನಿಮಿಷದಲ್ಲಿ ಬಿಡಿಸಿದ. ಬೀಗ ಚಿಕ್ಕದಾಯಿತು, ದೊಡ್ಡದು ಹಾಕಿದರಾಯಿತು ಎಂದು ಸಮಾಧಾನ ಹೇಳಬಹುದು, ಅವರೂ ಹಾಗೇ ಮಾಡಿದರು. ಆದರೆ ಬ್ಲಾಕ್‌ಚೈನಿನ ದೊಡ್ಡ ಗುಣವೆಂದು ಕೊಂಡಾಡುವುದು ಯಾವುದನ್ನು? ಒಮ್ಮೆ ಬರೆದದ್ದು ಅಳಿಸುವುದಿಲ್ಲ ಎಂಬುದನ್ನು. ಜಮೀನಿನ ಪಹಣಿಗೆ ಅದು ಗುಣ. ಗುಪ್ತ ಮತಕ್ಕೆ ಅದೇ ಅವಗುಣ. ಹಳೆಯ ಮತಪತ್ರಗಳನ್ನು ನಿಗದಿತ ಕಾಲದ ನಂತರ ನಾಶ ಮಾಡುತ್ತಾರೆ. ಅಲ್ಲಿಗೆ ಗುಟ್ಟು ಮಣ್ಣು ಸೇರಿತು. ಅಳಿಸಲಾಗದ ಕಡೆ ಬೀಗ ಹಾಕಿಟ್ಟ ಮತದ ಬೀಗವನ್ನು ಇವತ್ತು ಒಡೆಯಲಾಗದಿರಬಹುದು. ಇಪ್ಪತ್ತು ವರ್ಷದ ನಂತರದ ಕಂಪ್ಯೂಟರಿಗೆ ಅದು ಚಿಟಿಕೆಯ ಕೆಲಸವಾದರೆ, ಅವತ್ತು ಅಧಿಕಾರದಲ್ಲಿರುವವರು ಯಾರಿರುತ್ತಾರೋ. ಕಾಲೇಜು ಹುಡುಗಿಯಾಗಿದ್ದಾಗ ಹಾಕಿದ ಓಟು ನಲವತ್ತನೇ ವಯಸ್ಸಿನಲ್ಲಿ ಸರ್ಕಾರಿ ನೌಕರಿಯ ಫೈಲಿಗೆ ಬಂದು ಸೇರಬಹುದು.

ಗುಟ್ಟು ಎಲ್ಲಿಂದ ಸೋರುತ್ತದೆಂದು ಮೊದಲೇ ಹೇಳಲೂ ಆಗುವುದಿಲ್ಲ. ನೆದರ್ಲೆಂಡ್ಸ್‌ನವರ ಮತಯಂತ್ರಗಳು ಇಂಟರ್‌ನೆಟ್ಟಿಗೂ ಸೇರಿರಲಿಲ್ಲ. 2006ರಲ್ಲಿ ಕೆಲವು ಹವ್ಯಾಸಿಗಳು ಅವುಗಳ ಪರದೆಯಿಂದ ಹೊಮ್ಮುವ ರೇಡಿಯೋ ಅಲೆಗಳನ್ನು ದೂರದಿಂದಲೇ ಹಿಡಿದು ತೋರಿಸಿದರು. ಅಲ್ಲಿನ ಒಂದು ದೊಡ್ಡ ಪಕ್ಷದ ಹೆಸರಿನಲ್ಲಿ ಒಂದು ಅಕ್ಷರದ ಮೇಲೆ ಓರೆಗೆರೆಯಿದೆ. ಆ ಓರೆಗೆರೆಯ ಅಕ್ಷರ ಪರದೆಯ ಮೇಲೆ ಬಂದಾಗ ಅಲೆಯ ಸದ್ದೇ ಬದಲಾಗುತ್ತಿತ್ತು. ಯಾರೋ ಒಬ್ಬರು ಆ ಪಕ್ಷಕ್ಕೆ ಮತ ಹಾಕಿದ್ದು ಒಂದು ಓರೆಗೆರೆಯಿಂದ ಗೊತ್ತಾಗುವುದಾದರೆ, ನೂರು ಆ್ಯಪ್‌ಗಳು ಒಟ್ಟಿಗೆ ಓಡುತ್ತಿರುವ ಫೋನಿನಲ್ಲಿ ಎಷ್ಟು ಓರೆಗೆರೆಗಳಿರಬಹುದು! ಆ ದೇಶ ಯಂತ್ರಗಳನ್ನು ಕೈಬಿಟ್ಟು ಕಾಗದಕ್ಕೆ ಮರಳಿತು.

ಗೂಢಲಿಪಿ ಬಲ್ಲವರೇ ಈ ವಿಷಯದಲ್ಲಿ ನಮ್ಮ ಉತ್ಸಾಹಿಗಳಿಗಿಂತ ವಿನಯವಂತರು. ಹೀಲಿಯೋಸ್ ಎಂಬ ಆನ್‌ಲೈನ್ ಮತದಾನದ ವ್ಯವಸ್ಥೆಯನ್ನು ಕಟ್ಟಿದವರು, ಒತ್ತಾಯದ ಭಯ ಕಡಿಮೆಯಿರುವ ಸಂಘಸಂಸ್ಥೆಗಳ ಚುನಾವಣೆಗೆ ಮಾತ್ರ ಬಳಸಿ ಎಂದು ತಾವೇ ಹೇಳಿದ್ದಾರೆ. ಗೂಢಲಿಪಿ ವಿಜ್ಞಾನಿಗಳ ಅಂತರರಾಷ್ಟ್ರೀಯ ಸಂಘ ತನ್ನ ಪದಾಧಿಕಾರಿಗಳನ್ನು ಅದರಲ್ಲೇ ಆರಿಸಿಕೊಳ್ಳುತ್ತದೆ. ಯಾರೊಬ್ಬರೂ ಮತ ಬಿಚ್ಚಿ ನೋಡಬಾರದೆಂದು ಕೀಲಿಯನ್ನು ಮೂರು ಪಾಲು ಮಾಡಿ ಮೂವರಿಗೆ ಕೊಟ್ಟಿದ್ದರು; ಮೂರೂ ಸೇರಿದರೆ ಮಾತ್ರ ಎಣಿಕೆ. 2025ರ ನವೆಂಬರಿನಲ್ಲಿ ಒಬ್ಬರ ಕೀಲಿ ಕಳೆದುಹೋಯಿತು. ಫಲಿತಾಂಶ ಯಾರಿಗೂ ತಿಳಿಯದೆ ಚುನಾವಣೆಯನ್ನೇ ಮತ್ತೆ ನಡೆಸಬೇಕಾಯಿತು. ಜಗತ್ತಿನಲ್ಲಿ ಈ ವಿದ್ಯೆಯನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವರ ಮನೆಯ ಕಥೆ ಇದು. ಅವರು ಅದನ್ನು ಮುಚ್ಚಿಡದೆ ಹೇಳಿಕೊಂಡರು ಎಂಬುದಕ್ಕೆ ನನಗೆ ಗೌರವವಿದೆ. ಒಂದು ವಿಧಾನಸಭೆಯ ಚುನಾವಣೆಯಲ್ಲಿ ಹೀಗೆ ಕೀಲಿ ಕಳೆದುಹೋದರೆ ಇಷ್ಟು ಸಲೀಸಾಗಿ ಹೇಳಿಕೊಳ್ಳುತ್ತಾರೆಯೇ?

ಮತಪ್ರಮಾಣ ಹೆಚ್ಚುತ್ತದೆ ಎನ್ನುವುದು ಇನ್ನೊಂದು ವಾದ. 2024ರ ಆ ಏಪ್ರಿಲ್ ದಿನ ಬೆಂಗಳೂರು ದಕ್ಷಿಣದಲ್ಲಿ ಶೇ 53ರಷ್ಟು ಜನ ಮತ ಹಾಕಿದರು, ಮಂಡ್ಯದಲ್ಲಿ ಶೇ 81 ದಾಟಿತು. ಫೋನು, ಇಂಟರ್‌ನೆಟ್, ಓದು ಯಾವುದಕ್ಕೂ ಕೊರತೆಯಿಲ್ಲದ ಊರಿನವರು ಮನೆಯಲ್ಲಿ ಕೂತರು. ಬಿಸಿಲಲ್ಲಿ ಸಾಲು ನಿಂತವರು ಮಂಡ್ಯದವರು. ಬೆಂಗಳೂರಿನವರನ್ನು ಸೋಫಾದಿಂದ ಎಬ್ಬಿಸದೆ ಮತ ಹಾಕಿಸುವ ಸಲುವಾಗಿ ಮಂಡ್ಯದ ಕೂಲಿಯವಳ ಮರೆಯನ್ನು ಕಿತ್ತುಕೊಳ್ಳಬೇಕೆ?

ಗುಟ್ಟು ಇಲ್ಲದ ಮತದಾನ ಹೇಗಿರುತ್ತದೆ ಎಂದು ನೋಡಲು ದೂರ ಹೋಗಬೇಕಾಗಿಲ್ಲ, ವಿಧಾನಸೌಧಕ್ಕೆ ಹೋದರೆ ಸಾಕು. ರಾಜ್ಯಸಭೆಗೆ ಶಾಸಕರು ಹಾಕುವ ಮತ 2003ರಿಂದ ಬಹಿರಂಗ. ಗುರುತು ಹಾಕಿದ ಮತಪತ್ರವನ್ನು ಪಕ್ಷದ ಏಜೆಂಟರಿಗೆ ತೋರಿಸಿಯೇ ಪೆಟ್ಟಿಗೆಗೆ ಹಾಕಬೇಕು. ಕಾಸಿಗೆ ಓಟು ಮಾರಿಕೊಳ್ಳುವ ಶಾಸಕರಿಗೆ ಮೂಗುದಾರ ಹಾಕಲೆಂದು ಮಾಡಿದ್ದು, ಸುಪ್ರೀಂ ಕೋರ್ಟ್ 2006ರಲ್ಲಿ ಅದನ್ನು ಎತ್ತಿಹಿಡಿಯಿತು. 2024ರ ಫೆಬ್ರವರಿಯಲ್ಲಿ ಇಲ್ಲಿ ಅಡ್ಡಮತ ಬಿದ್ದಾಗ ಯಾರದ್ದೆಂದು ಆ ಕ್ಷಣವೇ ಪಕ್ಷಕ್ಕೆ ತಿಳಿಯಿತು. ತೋರಿಸಬಹುದಾದ ಮತಕ್ಕೆ ಮೂಗುದಾರ ಬೀಳುತ್ತದೆ ಎಂಬುದು ಶಾಸಕರ ವಿಷಯದಲ್ಲಿ ನಮ್ಮ ರಾಜಕಾರಣಿಗಳಿಗೆಲ್ಲ ಚೆನ್ನಾಗಿ ಗೊತ್ತು.

ಇಷ್ಟು ಹೇಳಿ ಈಗಿರುವ ವ್ಯವಸ್ಥೆಯೇ ಪರಿಶುದ್ಧ ಎಂದರೆ ನಾನೂ ಸುಳ್ಳುಗಾರನಾಗುತ್ತೇನೆ. ಒಬ್ಬೊಬ್ಬರ ಗುಟ್ಟು ಉಳಿದಿದೆ, ಬೂತಿನ ಗುಟ್ಟು ಉಳಿದಿಲ್ಲ. ಮತಪತ್ರದ ಕಾಲದಲ್ಲಿ ಹಲವು ಪೆಟ್ಟಿಗೆಗಳ ಮತಗಳನ್ನು ಬೆರೆಸಿ ಎಣಿಸುವ ನಿಯಮವಿತ್ತು. ಯಂತ್ರ ಬಂದ ಮೇಲೆ ಪ್ರತಿ ಬೂತಿನ ಲೆಕ್ಕ ಬೇರೆಬೇರೆಯಾಗಿ ಹೊರಬೀಳುತ್ತದೆ, ಯಾವ ಕೇರಿ ಯಾರಿಗೆ ಹಾಕಿತು ಎಂದು ಮರುದಿನ ಎಲ್ಲರಿಗೂ ಗೊತ್ತು. 2019ರಲ್ಲಿ ಉತ್ತರ ಪ್ರದೇಶದಲ್ಲಿ ಕೇಂದ್ರ ಸಚಿವೆಯೊಬ್ಬರು, ಬಿದ್ದ ಮತ ನೋಡಿ ಹಳ್ಳಿಗಳನ್ನು ಎ, ಬಿ, ಸಿ, ಡಿ ಎಂದು ವಿಂಗಡಿಸಿ ಕೆಲಸ ಮಾಡಿಕೊಡುತ್ತೇವೆ ಎಂದು ವೇದಿಕೆಯ ಮೇಲೆಯೇ ಹೇಳಿದರು. ಚುನಾವಣಾ ಆಯೋಗ ಖಂಡಿಸಿತು. ಇದಕ್ಕೆ ಮದ್ದು ಇದೆ. 14 ಯಂತ್ರಗಳ ಮತವನ್ನು ಒಟ್ಟಿಗೆ ಕೂಡಿಸಿ ತೋರಿಸುವ ಟೋಟಲೈಸರ್ ಬೇಕೆಂದು ಆಯೋಗ 2008ರಲ್ಲೇ ಕೇಳಿತು, 2015ರಲ್ಲಿ ಕಾನೂನು ಆಯೋಗ ಬೆಂಬಲಿಸಿತು, ಕೇಂದ್ರ ಸರ್ಕಾರ ಒಪ್ಪಲಿಲ್ಲ. ಗುಟ್ಟು ಹೆಚ್ಚಿಸುವ ಯಂತ್ರ ಮೂಲೆಯಲ್ಲಿದೆ, ಗುಟ್ಟು ಕಳೆಯುವ ಆ್ಯಪ್‌ಗೆ ಸಿಂಗಾರ ನಡೆದಿದೆ. ಆ್ಯಪ್ ಬಂದರೆ ಬೂತಿನ ಸಮಸ್ಯೆಯೂ ಕಿರಿದಾಗುವುದಿಲ್ಲ. ಒಂದು ವಾರ್ಡಿನಿಂದ ನಾಲ್ಕೇ ಜನ ಆನ್‌ಲೈನಿನಲ್ಲಿ ಹಾಕಿ, ಆ ಲೆಕ್ಕ ಬೇರೆಯಾಗಿ ಪ್ರಕಟವಾದರೆ, ನಾಲ್ಕು ಮತವೂ ಒಬ್ಬರಿಗೇ ಬಿದ್ದಿದ್ದರೆ, ಇನ್ನು ಗೂಢಲಿಪಿ ಯಾರನ್ನು ಕಾಪಾಡುತ್ತದೆ?

ಬರಲಾಗದವರ ಕಷ್ಟ ನಿಜ. ಸೈನಿಕರಿಗೆ 2016ರಿಂದ ಮತಪತ್ರ ಆನ್‌ಲೈನಿನಲ್ಲಿ ಹೋಗುತ್ತದೆ, ಗುರುತು ಹಾಕಿದ ಕಾಗದ ಅಂಚೆಯಲ್ಲಿ ಹಿಂದಿರುಗುತ್ತದೆ. ತೀರಾ ವಯಸ್ಸಾದವರ, ಅಂಗವಿಕಲರ ಮನೆಗೇ ಸಿಬ್ಬಂದಿ ಹೋಗಿ ಮತ ಪಡೆಯುತ್ತಾರೆ. ಈ ಎರಡರಲ್ಲೂ ಗುಟ್ಟು ಅಷ್ಟಿಷ್ಟು ಸೋರುತ್ತದೆ, ಅದಕ್ಕೇ ಅದು ಬೆರಳೆಣಿಕೆಯವರಿಗೆ ಮಾತ್ರ ಇರಬೇಕಾದ ರಿಯಾಯಿತಿ. ವಲಸಿಗರಿಗೆಂದು ಒಂದೇ ಬೂತಿನಲ್ಲಿ 72 ಕ್ಷೇತ್ರಗಳ ಮತ ಪಡೆಯುವ ಯಂತ್ರವನ್ನು ಆಯೋಗ 2023ರ ಜನವರಿಯಲ್ಲಿ ಪಕ್ಷಗಳ ಮುಂದೆ ಇಟ್ಟಿತ್ತು, ಪಕ್ಷಗಳು ಒಪ್ಪಲಿಲ್ಲ. ಅದಕ್ಕೆ ಅದರದೇ ತಕರಾರುಗಳಿವೆ. ಆದರೆ ಅಲ್ಲಿ ರಟ್ಟಿನ ಮರೆ ಇತ್ತು, ಮೇಸ್ತ್ರಿ ಹೊರಗೆ ನಿಲ್ಲಬೇಕಿತ್ತು.

ಹೊರದೇಶದಲ್ಲಿರುವವರಿಗೇನು ಎಂದು ಅಕ್ಕನ ಮಗ ಕೇಳಿದ. ಪುದುಚೇರಿಯಲ್ಲಿರುವ ಫ್ರೆಂಚ್ ಪ್ರಜೆಗಳು ತಮ್ಮ ಅಧ್ಯಕ್ಷರನ್ನು ಆರಿಸಲು ಅಲ್ಲೇ ತೆರೆಯುವ ಮತಗಟ್ಟೆಗೆ ಹೋಗಿ ಸಾಲು ನಿಲ್ಲುತ್ತಾರೆ, ನಿಮ್ಮ ದೂತಾವಾಸದಲ್ಲೂ ಅಂಥದ್ದೊಂದು ಬೂತ್ ಕೇಳಿ, ಅದಕ್ಕೆ ನಾನೂ ಸಹಿ ಹಾಕುತ್ತೇನೆ ಎಂದೆ.

"ಹೂಸ್ಟನ್‌ಗೆ ನಾಲ್ಕು ಗಂಟೆ ಡ್ರೈವ್ ಮಾವ."

"ಸಿಂಧನೂರಿನವರು ರಾತ್ರಿಯಿಡೀ ಬಸ್ಸಲ್ಲಿ ನಿಂತ್ಕೊಂಡು ಹೋಗ್ತಾರೆ ಕಣೋ."

ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. ಆಮೇಲೆ, "ಸರಿ, ಬೂತ್ ಹಾಕ್ಸಿ. ಡ್ರೈವ್ ಮಾಡ್ಕೊಂಡು ಬರ್ತೀನಿ" ಎಂದ.